ಮಾವನ ಮರೆವು, ಸೊಸೆಯ ದುಡಿಮೆ: ಸರಕಾರದ ಹಣ ಎಲ್ಲಿಯವರೆಗೆ ಬರುತ್ತದೆ?

ಓದುಗರ ಪ್ರಶ್ನೆ

"ಡಾಕ್ಟ್ರೇ, ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ. ಮಾವನಿಗೆ 79 ವರ್ಷ. ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದವರು, ಪಿಂಚಣಿ ಬರುತ್ತದೆ. ಮೂರು ವರ್ಷದಿಂದ ಮರೆವು. ಮಂಗಳೂರಿನ ಡಾಕ್ಟ್ರು ಆಲ್‌ಝೈಮರ್, ಮಧ್ಯಮ ಹಂತ ಎಂದರು. ಇಲ್ಲಿ ಒಂದು ಕಡೆ ಮಲಯಾಳದಲ್ಲಿ ಪ್ರಶ್ನೆ ಕೇಳಿ, ಕಾಯಿಲೆ ತುಂಬಾ ಮುಂದೆ ಹೋಗಿದೆ ಎಂದು ಬರೆದುಕೊಟ್ಟರು. ನೆಂಟರು 'ಅರವತ್ತಕ್ಕೆ ಅರಳು ಮರಳು, ಇದಕ್ಕೆಲ್ಲ ಯಾಕೆ ಆಸ್ಪತ್ರೆ' ಅನ್ನುತ್ತಾರೆ. ಒಬ್ಬರು ಇದು ಎಂಡೋಸಲ್ಫಾನ್ ಕೀಟನಾಶಕದಿಂದ ಬಂದದ್ದು, ಅರ್ಜಿ ಹಾಕಿದರೆ 5 ಲಕ್ಷ ಸಿಗುತ್ತದೆ ಅಂದರು. ಇನ್ನೊಬ್ಬರು ಸ್ಟೆಮ್ ಸೆಲ್ ಚಿಕಿತ್ಸೆಗೆ 4 ಲಕ್ಷ ಕೊಟ್ಟರೆ ಗುಣವಾಗುತ್ತದೆ ಅಂದರು. ನನ್ನವರು ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ನಾನು ಹೊಲಿಗೆ ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಮರೆವಿನ ಕಾಯಿಲೆಯ ಸಂಶೋಧನೆಗೆ ಸರಕಾರಗಳು ಕೋಟಿಗಟ್ಟಲೆ ಕೊಡುತ್ತವೆ ಎಂದು ಓದುತ್ತೇನೆ. ಅದರಿಂದ ನಮಗೇನು? ನೋಡಿಕೊಳ್ಳುವವರಿಗೆ ಏನಾದರೂ ಇದೆಯಾ? ಇನ್ನೊಂದು ಸಣ್ಣ ಪ್ರಶ್ನೆ. ಮಾವ ರಾತ್ರಿ ಎರಡು ಗಂಟೆಗೆ ಎದ್ದು 'ಶಾಲೆಗೆ ತಡವಾಯಿತು' ಎಂದು ಹೊರಡುತ್ತಾರೆ. ಇವತ್ತು ರಜೆ ಎಂದು ಸುಳ್ಳು ಹೇಳಿದರೆ ತಪ್ಪಾ?"

ತಜ್ಞರ ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಾವನ ಬಗ್ಗೆ ಹತ್ತು ಸಾಲು ಬರೆದಿದ್ದೀರಿ. ನಿಮ್ಮ ಬಗ್ಗೆ ಒಂದೇ ಸಾಲು, ಅಂಗಡಿ ಮುಚ್ಚಿದ ಸಾಲು. ಕ್ಲಿನಿಕ್ಕಿನಲ್ಲೂ ಹೀಗೇ ಆಗುತ್ತದೆ. ರೋಗಿಯ ಫೈಲು ದಪ್ಪವಾಗಿರುತ್ತದೆ, ಕರೆದುಕೊಂಡು ಬಂದವರ ಹೆಸರನ್ನೂ ಯಾರೂ ಬರೆದುಕೊಂಡಿರುವುದಿಲ್ಲ. ಸರಕಾರದ ಲೆಕ್ಕದಲ್ಲೂ ಇದೇ ಕತೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಎರಡು ಚೀಟಿಗಳ ವಿಷಯ. ಒಂದರಲ್ಲಿ ಮಧ್ಯಮ ಹಂತ, ಇನ್ನೊಂದರಲ್ಲಿ ತೀರಾ ಮುಂದುವರಿದ ಹಂತ. ಯಾವುದು ಸರಿ ಎಂದು ನಾನು ಇಲ್ಲಿಂದ ಹೇಳಲಾರೆ. ಆದರೆ ಜೀವನವಿಡೀ ಕನ್ನಡದಲ್ಲಿ ಪಾಠ ಮಾಡಿದವರಿಗೆ ಮಲಯಾಳದಲ್ಲಿ ನೆನಪಿನ ಪರೀಕ್ಷೆ ಮಾಡಿದರೆ, ಆ ಅಂಕಗಳ ಮೇಲೆ ನನಗೆ ನಂಬಿಕೆ ಇಲ್ಲ. ಪೇಟೆಯಲ್ಲಿ ಮಲಯಾಳ ಮಾತಾಡುವುದು ಬೇರೆ. 'ಮೂರು ಪದ ಹೇಳುತ್ತೇನೆ, ಐದು ನಿಮಿಷ ಬಿಟ್ಟು ಹೇಳಿ', 'ನೂರರಿಂದ ಏಳೇಳು ಕಳೆಯುತ್ತಾ ಹೋಗಿ' ಎಂಬ ಪ್ರಶ್ನೆಗಳೇ ಬೇರೆ. ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮನೆಮಾತು ಹೆಚ್ಚು ಕಾಲ ಉಳಿಯುತ್ತದೆ.

ಕಾಸರಗೋಡಿನ ಹಿರಿಯರಲ್ಲಿ ಇನ್ನೊಂದು ತೊಡಕೂ ಇದೆ. 'ನಾವು ಈಗ ಯಾವ ಜಿಲ್ಲೆಯಲ್ಲಿದ್ದೇವೆ, ಯಾವ ರಾಜ್ಯ?' ಎಂದು ಈ ಪರೀಕ್ಷೆಗಳಲ್ಲಿ ಕೇಳುತ್ತಾರೆ. ಒಬ್ಬ ಅಜ್ಜಿ ನನಗೆ 'ಸೌತ್ ಕೆನರಾ, ಮದ್ರಾಸು' ಎಂದು ಥಟ್ಟನೆ ಹೇಳಿದ್ದರು. ಕಾಗದದ ಪ್ರಕಾರ ಎರಡೂ ತಪ್ಪು. ಆದರೆ 1956ಕ್ಕೆ ಮೊದಲು ಅದೇ ಸರಿಯಾದ ಉತ್ತರ. ಕಾಸರಗೋಡು ಜಿಲ್ಲೆಯಾದದ್ದೇ 1984ರಲ್ಲಿ. ಹೊಸ ನೆನಪು ಅಳಿಸುತ್ತಿದೆ, ಹಳೆಯದು ಗಟ್ಟಿಯಾಗಿದೆ ಎಂದು ಆ ಉತ್ತರ ನನಗೆ ತಿಳಿಸಿತು. ಬರೇ ಸೊನ್ನೆ ಹಾಕಿ ಮುಂದೆ ಹೋಗಿದ್ದರೆ ಅದು ತಿಳಿಯುತ್ತಿರಲಿಲ್ಲ. ನಿಮ್ಮ ಮಾವನೂ ಆ ಕಾಲದಲ್ಲೇ ಹುಟ್ಟಿದವರು ಅಲ್ವಾ?

ಹಾಗಾಗಿ ಕನ್ನಡದಲ್ಲೇ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಈ ಐದು ಭಾಷೆಗಳಲ್ಲಿ ಪರೀಕ್ಷೆಗಳ ಒಂದು ಕಟ್ಟು ತಯಾರಿಸಿದೆ. ಇಂಗ್ಲಿಷಿನದ್ದನ್ನು ಸುಮ್ನೆ ಅನುವಾದ ಮಾಡಿದ್ದಲ್ಲ. ನಮ್ಮ ಜನರ ಮೇಲೆಯೇ ಪರೀಕ್ಷಿಸಿ ನೋಡಿದ್ದು. ಬೆಂಗಳೂರಿನ ನಿಮ್ಹಾನ್ಸ್‌ನವರೂ ಆ ಕೆಲಸದಲ್ಲಿದ್ದರು. ಮಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ 'ಕನ್ನಡದಲ್ಲಿ ನೆನಪಿನ ಪರೀಕ್ಷೆ ಆಗಬೇಕು, ಹಂತ ಯಾವುದೆಂದು ಬರೆದುಕೊಡಬೇಕು' ಎಂದು ಮೊದಲೇ ಹೇಳಿ. ತುಳು ಮಾತ್ರ ಬರುವ ಹಿರಿಯರಿಗೆ ಆ ಕಟ್ಟಿನಲ್ಲಿ ಏನೂ ಇಲ್ಲ. ಅದು ನನಗೆ ಬೇಸರದ ವಿಷಯ.

ಇನ್ನು 'ಅರಳು ಮರಳು'. ವಯಸ್ಸಾದಾಗ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಸಹಜ. ಕನ್ನಡಕ ಯಾಕೆ ಬೇಕು ಎಂಬುದೇ ಮರೆತುಹೋದರೆ ಅದು ಕಾಯಿಲೆ. ಮೆದುಳಿನ ಕೋಶಗಳು ಸಾಯುವುದರಿಂದ ಬರುವ ಕಾಯಿಲೆ. 60 ದಾಟಿದ ಎಲ್ಲರಿಗೂ ಇದು ಬರುವುದಿಲ್ಲ. ಬಂದವರೆಲ್ಲ ಆಲ್‌ಝೈಮರ್‌ನವರೂ ಅಲ್ಲ. ಬಿ12 ಕಡಿಮೆಯಾದರೆ, ಥೈರಾಯ್ಡ್ ಏರುಪೇರಾದರೆ, ರಕ್ತದಲ್ಲಿ ಸೋಡಿಯಂ ಇಳಿದರೆ, ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದರೆ, ಖಿನ್ನತೆ ಬಂದರೆ ಹೊರಗಿನಿಂದ ಹೀಗೇ ಕಾಣಬಹುದು. ಇವುಗಳಿಗೆ ಚಿಕಿತ್ಸೆ ಇದೆ. ನಿಮ್ಮ ಫೈಲಿನಲ್ಲಿ ಈ ರಕ್ತಪರೀಕ್ಷೆಗಳೂ ತಲೆಯ ಸ್ಕ್ಯಾನೂ ಇವೆಯಾ ನೋಡಿ. ಕಿವಿಯನ್ನೂ ಪರೀಕ್ಷೆ ಮಾಡಿಸಿ. ಕಿವಿ ಕೇಳದವರನ್ನು ಮರೆವಿನವರು ಎಂದುಕೊಳ್ಳುವುದು ತುಂಬಾ ಸುಲಭ.

ಎಂಡೋಸಲ್ಫಾನ್ ಮಾತು. ನಿಮ್ಮ ಸುತ್ತಿನ ಊರುಗಳು ಏನು ಅನುಭವಿಸಿವೆ ಎಂದು ಗೊತ್ತಿರುವುದರಿಂದ ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು 2000ದವರೆಗೂ ಸಿಂಪಡಿಸಿದರು. ಅದು ನರಗಳ ಮೇಲೆ ಕೆಲಸ ಮಾಡುವ ವಿಷ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಕೇರಳ ಸರಕಾರಕ್ಕೆ ಹೇಳಿತು. ನಿಮಗೆ ಹೇಳಿದ 5 ಲಕ್ಷದ ಮೂಲ ಅದೇ. ಆದರೆ ಆ ಪಟ್ಟಿ ವಿಶೇಷ ವೈದ್ಯಕೀಯ ಶಿಬಿರಗಳಲ್ಲಿ ಪರೀಕ್ಷೆ ಮಾಡಿ ಸೇರಿಸಿದವರ ಪಟ್ಟಿ. 76ನೆಯ ವಯಸ್ಸಿನಲ್ಲಿ ಶುರುವಾದ ಮರೆವು ಆ ವಿಷದಿಂದಲೇ ಬಂತು ಎಂದು ಒಬ್ಬ ವ್ಯಕ್ತಿಯ ಮಟ್ಟಿಗೆ ತೋರಿಸಿಕೊಡಲು ಯಾವ ಪರೀಕ್ಷೆಯೂ ಇಲ್ಲ. ಈ ವಯಸ್ಸಿನಲ್ಲಿ ಆಲ್‌ಝೈಮರ್ ವಿಷ ಸೋಂಕದ ಊರುಗಳಲ್ಲೂ ಬರುತ್ತದೆ. ಅರ್ಜಿ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಸ್ಟೆಮ್ ಸೆಲ್ ಬಗ್ಗೆ ನೇರವಾಗಿ ಹೇಳುತ್ತೇನೆ. ಬೇಡ. ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಬೇರೆ ಯಾವುದಕ್ಕೂ ಅದನ್ನು ಚಿಕಿತ್ಸೆ ಎಂದು ಕೊಡುವ ಹಾಗಿಲ್ಲ, ಸಂಶೋಧನೆಯಾಗಿ ಮಾತ್ರ ಕೊಡಬಹುದು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಸಂಶೋಧನೆಯಾದರೆ ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇರಲೇಬೇಕು. ಪರೀಕ್ಷೆಗೆ ಒಳಗಾಗುವ ರೋಗಿಯಿಂದ ಪ್ರಯೋಗದ ಔಷಧಕ್ಕೆ ಹಣ ಕೇಳುವುದು ಸರಿಯಾದ ಟ್ರಯಲ್‌ನ ಲಕ್ಷಣವಲ್ಲ. 4 ಲಕ್ಷ ಕೇಳಿದರು ಎಂಬುದರಲ್ಲೇ ನಿಮಗೆ ಉತ್ತರ ಸಿಕ್ಕಿತು.

ಹೊಸ ಇಂಜೆಕ್ಷನ್ ಸುದ್ದಿಯನ್ನೂ ನೀವು ಕೇಳಿರಬಹುದು. ಲೆಕಾನೆಮಾಬ್ ಎಂಬ ಔಷಧಕ್ಕೆ ಅಮೆರಿಕ 2023ರಲ್ಲಿ ಪೂರ್ಣ ಒಪ್ಪಿಗೆ ಕೊಟ್ಟಿತು. 18 ತಿಂಗಳ ಪರೀಕ್ಷೆಯಲ್ಲಿ ಅದು ಕಾಯಿಲೆಯ ಓಟವನ್ನು ನೂರಕ್ಕೆ 27ರಷ್ಟು ನಿಧಾನ ಮಾಡಿತು. ನಿಲ್ಲಿಸಲಿಲ್ಲ, ಹೋದ ನೆನಪನ್ನು ವಾಪಸ್ ತರಲಿಲ್ಲ. ಮೆದುಳಿನಲ್ಲಿ ಬಾವು, ರಕ್ತಸ್ರಾವ ಆಗುವ ಅಪಾಯ ಇದೆ. ಅದಕ್ಕೇ ಮತ್ತೆ ಮತ್ತೆ ಎಂಆರ್‌ಐ ಬೇಕು. ಅದೂ ತೀರಾ ಆರಂಭದ ಹಂತದವರಿಗೆ ಮಾತ್ರ. ನಿಮ್ಮ ಮಾವ ಆ ಹಂತ ದಾಟಿದ್ದಾರೆ. ಅವರಿಗೆ ಈಗ ಡೊನೆಪೆಜಿಲ್, ಮೆಮಾಂಟಿನ್‌ನಂಥ ಹಳೆಯ ಮಾತ್ರೆಗಳೇ. ಅವುಗಳ ಲಾಭ ಸಣ್ಣದು, ಕೆಲವರಲ್ಲಿ ಮಾತ್ರ ಕಾಣುತ್ತದೆ. ಕೇರಳ ಸರಕಾರದ ಕಾರುಣ್ಯ ಫಾರ್ಮಸಿಯಲ್ಲೋ ಜನೌಷಧಿಯಲ್ಲೋ ಕಡಿಮೆ ಬೆಲೆಗೆ ಸಿಗುತ್ತವೆಯಾ ಕೇಳಿ ನೋಡಿ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಸಂಶೋಧನೆಗೆ ಹೋಗುವ ಕೋಟಿಗಳಿಂದ ನಮಗೇನು?

ದೊಡ್ಡ ಹಣ ಇರುವುದು ಅಮೆರಿಕದಲ್ಲಿ. 2011ರಲ್ಲಿ ಅವರು ಆಲ್‌ಝೈಮರ್‌ಗಾಗಿಯೇ ಒಂದು ಕಾನೂನು ಮಾಡಿದರು. ಈಗ ಅಲ್ಲಿನ ಸರಕಾರಿ ಸಂಶೋಧನೆಗೆ ವರ್ಷಕ್ಕೆ 300 ಕೋಟಿ ಡಾಲರ್‌ಗಿಂತ ಜಾಸ್ತಿ ಸಿಗುತ್ತದೆ. ನಮ್ಮ ದೇಶದಲ್ಲಿ 60 ದಾಟಿದ ನೂರು ಜನರಲ್ಲಿ 7.4 ಮಂದಿಗೆ, ಒಟ್ಟು ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಎಂಬ ಅಂದಾಜು ಬಂದದ್ದು ಲಾಸಿ-ಡ್ಯಾಡ್ ಎಂಬ ಅಧ್ಯಯನದಿಂದ. ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ ಎಂದೂ ಅದು ತೋರಿಸಿತು. ಆ ಅಧ್ಯಯನಕ್ಕೂ ಹಣ ಕೊಟ್ಟದ್ದು ಅಮೆರಿಕದ ಸರಕಾರಿ ಸಂಸ್ಥೆಯೇ. ಕರ್ನಾಟಕದ ಆಂಧ್ರ ಗಡಿಯಲ್ಲಿರುವ ಶ್ರೀನಿವಾಸಪುರ ತಾಲೂಕಿನಲ್ಲಿ ಹಳ್ಳಿಯ ಹಿರಿಯರನ್ನು ವರ್ಷಗಟ್ಟಲೆ ಹಿಂಬಾಲಿಸುವ ಒಂದು ದೊಡ್ಡ ಅಧ್ಯಯನ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಕೆಲಸ ಅದು. ಆ ಕೇಂದ್ರ ಶುರುವಾದದ್ದು ದಾನಿಗಳ ಹಣದಿಂದ. ನಮ್ಮ ಸರಕಾರಗಳ ಹಣ ಇಲ್ಲವೇ ಇಲ್ಲ ಎಂದಲ್ಲ. ಕಾಯಿಲೆಯ ಗಾತ್ರಕ್ಕೆ ಅದು ಸಾಲದು. ಮರೆವಿನ ಕಾಯಿಲೆಗೆ ಅಂತಲೇ ಒಂದು ರಾಷ್ಟ್ರೀಯ ಯೋಜನೆ ನಮ್ಮಲ್ಲಿ ಆಗಬೇಕು ಎಂದು ನಾವು ವೈದ್ಯರು ಕೇಳುತ್ತಲೇ ಇದ್ದೇವೆ.

ಆದರೂ ಸಂಶೋಧನೆಯಿಂದ ನಿಮಗೇನೂ ಬಂದಿಲ್ಲ ಎಂದು ನಾನು ಹೇಳುವುದಿಲ್ಲ. ಮೇಲೆ ಹೇಳಿದ ಕನ್ನಡದ ಪರೀಕ್ಷೆ ಬಂದದ್ದು ಅಲ್ಲಿಂದಲೇ. ಅದಿಲ್ಲದಿದ್ದರೆ ಮಾವನ ಹಂತ ಸರಿಯಾಗಿ ಗೊತ್ತಾಗುವುದಿಲ್ಲ. ಹಂತ ತಪ್ಪಿದರೆ ಮುಂದಿನ ಸರ್ಟಿಫಿಕೇಟು, ಸಹಾಯ ಎಲ್ಲವೂ ತಪ್ಪುತ್ತದೆ. ಇನ್ನೊಂದು ಉದಾಹರಣೆ ಗೋವಾದ್ದು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಊರಿನವರಿಗೇ ತರಬೇತಿ ಕೊಟ್ಟು ಮರೆವಿನ ಕಾಯಿಲೆ ಇರುವ ಮನೆಗಳಿಗೆ ಕಳಿಸಿದರು. ಅವರು ಕಾಯಿಲೆಯ ಬಗ್ಗೆ ತಿಳಿಸಿದರು, ಕಷ್ಟ ಕೇಳಿದರು, ದಾರಿ ಹೇಳಿದರು. ಅಷ್ಟರಿಂದಲೇ ನೋಡಿಕೊಳ್ಳುವವರ ಮನಸ್ಸಿನ ಭಾರ ಕಡಿಮೆಯಾಯಿತು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಕುಟುಂಬಶ್ರೀ ಮಹಿಳಾ ಸಂಘಗಳೂ ಆಶಾ ಕಾರ್ಯಕರ್ತೆಯರೂ ಇರುವ ಕೇರಳದಲ್ಲಿ ನಾಳೆಯೇ ಮಾಡಬಹುದಾದ ಕೆಲಸ. ಸಾರ್ವಜನಿಕ ಹಣ ಔಷಧ ಹುಡುಕಲು ಹೋಗಲಿ. ಅದರ ಒಂದು ದೊಡ್ಡ ಪಾಲು ಇಂಥ ಆರೈಕೆಯ ಸಂಶೋಧನೆಗೂ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಲೆಕ್ಕ ಕೇಳಿ. 2019ರಲ್ಲಿ ಮರೆವಿನ ಕಾಯಿಲೆಗೆ ಇಡೀ ಜಗತ್ತಿಗೆ ಬಿದ್ದ ಖರ್ಚು 1.3 ಲಕ್ಷ ಕೋಟಿ ಡಾಲರ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಸುಮಾರು ಅರ್ಧ ಆಸ್ಪತ್ರೆಯ ಬಿಲ್ಲಲ್ಲ, ಔಷಧದ ಖರ್ಚೂ ಅಲ್ಲ. ಮನೆಯವರು ಸಂಬಳವಿಲ್ಲದೆ ಮಾಡಿದ ಕೆಲಸದ ಬೆಲೆ. ಆ ಗಂಟೆಗಳಲ್ಲಿ ನೂರಕ್ಕೆ 70ರಷ್ಟು ಹೆಂಗಸರದ್ದು. ನೀವು ಮುಚ್ಚಿದ ಹೊಲಿಗೆ ಅಂಗಡಿ ಆ ಲೆಕ್ಕದೊಳಗಿದೆ. ಜಪಾನಿನಲ್ಲಿ 2000ದಿಂದ ಇದಕ್ಕಾಗಿಯೇ ವಿಮೆ ಇದೆ, 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಅಮೆರಿಕದಲ್ಲಿ 2024ರ ಜುಲೈಯಲ್ಲಿ ಶುರುವಾದ ಒಂದು ಪ್ರಯೋಗದಲ್ಲಿ, ನೋಡಿಕೊಳ್ಳುವವರಿಗೆ ಸ್ವಲ್ಪ ಬಿಡುವು ಸಿಗಲಿ ಎಂದು ವರ್ಷಕ್ಕೆ 2,500 ಡಾಲರ್‌ವರೆಗಿನ ಬದಲಿ ಆರೈಕೆ ಕೊಡುತ್ತಾರೆ.

ನಮ್ಮಲ್ಲಿ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತಾಡುತ್ತದೆ. ಆದರೆ ಸರಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತನ್ನೂ ಸೇರಿಸಿದೆ. ಕೇರಳದಲ್ಲಿ 'ಆಶ್ವಾಸಕಿರಣಂ' ಇದೆ. ಹಾಸಿಗೆ ಹಿಡಿದವರನ್ನು, ಪೂರ್ತಿ ಹೊತ್ತು ಒಬ್ಬರು ಜೊತೆಗಿರಲೇಬೇಕಾದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಎಂದು ನಿಗದಿಯಾದದ್ದು. ದಿನಕ್ಕೆ 20 ರೂಪಾಯಿ. ಅದರ ವರಮಾನದ ಮಿತಿ ಬಹಳ ಕೆಳಗಿದೆ. ಪಿಂಚಣಿ ಬರುವ ನಿಮ್ಮ ಮನೆ ಅದರೊಳಗೆ ಬರಲಿಕ್ಕಿಲ್ಲ. ಬಂದರೂ ಆ ಹಣವನ್ನು ನಂಬಿ ತಿಂಗಳ ಖರ್ಚಿನ ಲೆಕ್ಕ ಹಾಕಬೇಡಿ. ಮೊತ್ತ ಸಣ್ಣದಾದರೂ, ರೋಗಿಯ ಹೆಸರಲ್ಲಲ್ಲದೆ ನೋಡಿಕೊಳ್ಳುವವರಿಗೆ ಅಂತಲೇ ಇಟ್ಟ ಹಣ ಅದು. ಆ ಕಾರಣಕ್ಕೆ ನಾನು ಅದನ್ನು ಗೌರವಿಸುತ್ತೇನೆ. ಅದೇ ಕಾರಣಕ್ಕೆ ಅದು ಏರಬೇಕು ಎಂದು ಕೇಳುತ್ತೇನೆ. 'ಸ್ಮೃತಿಪಥಂ' ಎಂಬ ಯೋಜನೆಯಲ್ಲಿ ತೃಶೂರಿನ ಕುನ್ನಂಕುಳದಲ್ಲಿ ಹಗಲು ಆರೈಕೆ, ಎರ್ನಾಕುಳಂ ಕಡೆ ಪೂರ್ಣಾವಧಿ ಆರೈಕೆ ಶುರು ಮಾಡಿದರು. ಬದಿಯಡ್ಕದಿಂದ ಅದು ಎಷ್ಟು ದೂರ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಾವನ ಪಿಂಚಣಿಯ ಜೊತೆಗೆ ಇರುವ ಮೆಡಿಸೆಪ್ ವಿಮೆ ಆಸ್ಪತ್ರೆಯಲ್ಲಿ ದಾಖಲಾದಾಗ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ರಾತ್ರಿಯಿಡೀ ಎಚ್ಚರವಿದ್ದದ್ದಕ್ಕೆ ಯಾವ ವಿಮೆಯೂ ಇಲ್ಲ.

ಹಾಗಾದರೆ ಏನಿದೆ? ನಿಮಗೆ ಈಗಲೇ ಕೈಗೆಟುಕುವುದು ಪಂಚಾಯತಿನ ಪಾಲಿಯೇಟಿವ್ ಆರೈಕೆ, ಅಂದರೆ ರೋಗಿಯ ಕಷ್ಟ ತಗ್ಗಿಸುವ ಆರೈಕೆ. ಅದು ಕ್ಯಾನ್ಸರಿಗೆ ಮಾತ್ರ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಒಂದು ಸಣ್ಣ ಕ್ಲಿನಿಕ್ಕಾಗಿ ಶುರುವಾದದ್ದು, 2008ರಲ್ಲಿ ಕೇರಳ ಸರಕಾರದ ನೀತಿಯೇ ಆಯಿತು. ದೀರ್ಘ ಕಾಯಿಲೆಯಿಂದ ಮನೆಯಲ್ಲೇ ಉಳಿದವರ ಬಳಿಗೆ ನರ್ಸ್ ಬರುತ್ತಾರೆ. ನೀವು ಬಡವರಾ ಶ್ರೀಮಂತರಾ ಎಂದು ಕೇಳುವುದಿಲ್ಲ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲವೇ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾವನ ಹೆಸರು ಸೇರಿಸಿ. ಅವರು ಇನ್ನೂ ನಡೆಯುತ್ತಿದ್ದಾರಲ್ಲ, ಈಗಲೇ ಯಾಕೆ ಎಂದು ಹಿಂಜರಿಯಬೇಡಿ. ಮುಂದೆ ಮೂತ್ರದ ನಳಿಕೆ (ಕ್ಯಾಥೆಟರ್), ಬೆನ್ನುಹುಣ್ಣು, ನೀರು ತುಂಬುವ ಹಾಸಿಗೆಯ ಪ್ರಶ್ನೆ ಬಂದಾಗ ಹೆಸರು ಮೊದಲೇ ಪಟ್ಟಿಯಲ್ಲಿದ್ದರೆ ಓಡಾಟ ಅರ್ಧ ಉಳಿಯುತ್ತದೆ. ಇದರ ಮಿತಿಯೂ ಗೊತ್ತಿರಲಿ. ನರ್ಸ್ ತಿಂಗಳಿಗೆ ಒಂದೆರಡು ಸಲ ಬಂದಾರು. ನಿಮ್ಮ ಬದಲಿಗೆ ಅವರು ಕೂರುವುದಿಲ್ಲ.

ಎರಡನೆಯದು ಅಂಗವಿಕಲತೆಯ ಸರ್ಟಿಫಿಕೇಟು ಮತ್ತು ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡು. ಮೇಲೆ ಹೇಳಿದ 2016ರ ಕಾಯ್ದೆಯಲ್ಲಿ ಪಾರ್ಕಿನ್ಸನ್ಸ್ ಹೆಸರು ನೇರವಾಗಿ ಇದೆ, ಆಲ್‌ಝೈಮರ್ ಹೆಸರು ಇಲ್ಲ. ಆದರೆ ನೆನಪು, ತಿಳಿವಳಿಕೆ ಕೆಡುವ ಕಾಯಿಲೆಗಳನ್ನು ಮಾನಸಿಕ ಕಾಯಿಲೆಯ ವಿಭಾಗದಲ್ಲಿ ಅಳೆಯಬಹುದು. 40 ಶೇಕಡ ದಾಟಿದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಮಂಗಳೂರಿನ ಚೀಟಿಗಳನ್ನು ದಾಖಲೆಯಾಗಿ ಕೊಂಡೊಯ್ಯಿರಿ. ಅಧಿಕಾರಿಗಳಿಗೆ ಪತ್ರ ಬರೆಯುವುದಿದ್ದರೆ ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಭಾಷಾ ಕಾಯ್ದೆ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿದೆ. ಮಂಗಳೂರು ಹತ್ತಿರ ಎಂದು ಕರ್ನಾಟಕದ ಯೋಜನೆಗಳಿಗೆ ಪ್ರಯತ್ನಿಸಿ ಸಮಯ ಕಳೆಯಬೇಡಿ. ಅವು ಅಲ್ಲಿನ ನಿವಾಸಿಗಳಿಗೆ.

ಮಂಗಳೂರೊಂದನ್ನೇ ನಂಬಿ ಕೂರಬೇಡಿ ಎಂದೂ ಹೇಳುತ್ತೇನೆ. ಕೊರೊನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ತಲಪಾಡಿಯ ರಾಜ್ಯ ಗಡಿಯಲ್ಲಿ ರಸ್ತೆ ಮುಚ್ಚಿದಾಗ ಏನಾಯಿತು ಎಂದು ನೀವೇ ನೋಡಿದ್ದೀರಿ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿನಲ್ಲಿ 2022ರಿಂದ ಹೊರರೋಗಿ ವಿಭಾಗ ಇದೆ. ನಿಮಗೆ ಹತ್ತಿರ. ಅಲ್ಲೂ ಒಂದು ಫೈಲು ಮಾಡಿಸಿಡಿ.

ಬ್ಯಾಂಕಿನ ವಿಷಯ ನೀವು ಕೇಳಿಲ್ಲ, ಆದರೆ ಅದೇ ಮೊದಲು ಬಿಗಡಾಯಿಸುವುದು. ಮಾವನಿಗೆ ವಿಷಯ ಹೇಳಿದರೆ ಅರ್ಥವಾಗುವ ದಿನಗಳು ಇನ್ನೂ ಇದ್ದರೆ, ಈ ತಿಂಗಳೇ ಬ್ಯಾಂಕಿಗೆ ಹೋಗಿ ಜಂಟಿ ಖಾತೆ, ನಾಮಿನಿ ಸರಿಮಾಡಿ. ಸಹಿ ಹಾಕಲಾಗದವರಿಗೆ ಹೆಬ್ಬೆಟ್ಟಿನ ದಾರಿ ಇದೆ. ಆದರೆ ಅರ್ಥವಾಗದವರ ಹೆಬ್ಬೆಟ್ಟು ಒಪ್ಪಿಗೆಯಲ್ಲ, ಮುಂದೆ ಮನೆಯಲ್ಲೇ ಜಗಳಕ್ಕೆ ಕಾರಣವಾಗುತ್ತದೆ. ಪವರ್ ಆಫ್ ಅಟಾರ್ನಿಯೂ ತಿಳಿವಳಿಕೆ ಪೂರ್ತಿ ಹೋದ ಮೇಲೆ ನಿಲ್ಲುವುದಿಲ್ಲ. ಆಮೇಲೆ ಉಳಿಯುವುದು ಕೋರ್ಟಿನ ಮೂಲಕ ಪಾಲಕರ ನೇಮಕ, ಅದು ಉದ್ದದ ದಾರಿ.

ಇನ್ನು ನೀವು. ನಿದ್ದೆ ಇಲ್ಲದೆ ಎಷ್ಟು ದಿನವಾಯಿತು? ಟೆಲಿ-ಮಾನಸ್ ಎಂಬ ಸರಕಾರಿ ಸಹಾಯವಾಣಿ ಇದೆ, 14416. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅದು ರೋಗಿಗೆ ಮಾತ್ರ ಅಲ್ಲ, ನಿಮಗೂ. ನಿಮ್ಮವರಿಗೆ ನನ್ನ ಪರವಾಗಿ ಹೇಳಿ: ವಾರದಲ್ಲಿ ಒಂದು ರಾತ್ರಿ, ಒಂದು ಹಗಲು ಅವರದ್ದು. ಆ ಹಗಲು ನೀವು ಅಂಗಡಿಯ ಬಾಗಿಲು ತೆಗೆಯಿರಿ. ಒಬ್ಬರೇ ಎಲ್ಲವನ್ನೂ ಹೊತ್ತ ಮನೆಗಳಲ್ಲಿ, ರೋಗಿಗಿಂತ ಮೊದಲು ನೋಡಿಕೊಳ್ಳುವವರು ಆಸ್ಪತ್ರೆ ಸೇರಿದ್ದನ್ನು ನಾನು ಕಂಡಿದ್ದೇನೆ.

ಕೊನೆಗೆ ರಾತ್ರಿ ಎರಡು ಗಂಟೆಯ ಶಾಲೆ. ಮೊನ್ನೆ ಮೊನ್ನೆ ಶುರುವಾದದ್ದಾದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರದ ಸೋಂಕು, ಮಲಬದ್ಧತೆ, ನೋವು ಇದ್ದರೆ ಗೊಂದಲ ಒಮ್ಮೆಲೇ ಏರುತ್ತದೆ. ನಿದ್ದೆ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ, ಬೀಳುತ್ತಾರೆ. ಗಲಾಟೆ ತಗ್ಗಿಸಲು ಕೊಡುವ ಕೆಲವು ಮಾನಸಿಕ ಔಷಧಗಳು ಈ ಕಾಯಿಲೆಯವರಲ್ಲಿ ಪಾರ್ಶ್ವವಾಯು, ಸಾವಿನ ಅಪಾಯ ಹೆಚ್ಚಿಸುತ್ತವೆ. ಬೇರೆ ದಾರಿಯೇ ಇಲ್ಲದಾಗ, ಕಡಿಮೆ ದಿನಕ್ಕೆ, ವೈದ್ಯರ ಕಣ್ಣೆದುರೇ ಆಗಬೇಕು. ಬಾವಿಗೆ ಕಟ್ಟೆ ಇದೆಯಾ, ಬಲೆ ಇದೆಯಾ ನೋಡಿ. ತೋಡಿಗೆ ಹಾಕಿದ ಅಡಿಕೆ ಮರದ ಸಂಕವನ್ನು ರಾತ್ರಿ ತೆಗೆದಿಡಿ. ಅಂಗಳದಲ್ಲಿ ಒಂದು ದೀಪ ಉರಿಯುತ್ತಿರಲಿ.

ಸುಳ್ಳಿನ ಬಗ್ಗೆ ಕೇಳಿದ್ದೀರಿ. 'ನೀವು ನಿವೃತ್ತರಾಗಿ ಇಪ್ಪತ್ತು ವರ್ಷ ದಾಟಿತು' ಎಂದರೆ ಅದು ನಿಜ. ಆದರೆ ಅವರಿಗೆ ಅದು ಆ ಕ್ಷಣಕ್ಕೆ ಹೊಸ ಆಘಾತ, ನಾಳೆ ರಾತ್ರಿ ಮತ್ತೆ ಅದೇ ಆಘಾತ. 'ಇವತ್ತು ಆದಿತ್ಯವಾರ, ಮಾವ, ಶಾಲೆಗೆ ರಜೆ' ಎನ್ನಿ. ತಪ್ಪಿಲ್ಲ. ಒಪ್ಪದಿದ್ದರೆ ಚಾವಡಿಯಲ್ಲಿ ಕೂರಿಸಿ, ಬಿಸಿನೀರು ಕೊಟ್ಟು, ಒಂದು ಹಳೆಯ ಹಾಜರಿ ಪುಸ್ತಕವನ್ನೂ ಪೆನ್ನನ್ನೂ ಮುಂದಿಡಿ. ನನ್ನ ಬಳಿ ಬರುತ್ತಿದ್ದ ಒಬ್ಬ ಮಾಷ್ಟ್ರು ಹೆಸರುಗಳನ್ನು ಒಂದೊಂದಾಗಿ ಕೂಗಿ, ಕೊನೆಗೆ ಪುಸ್ತಕ ಮುಚ್ಚಿ, ತಾವಾಗಿಯೇ ಹೋಗಿ ಮಲಗುತ್ತಿದ್ದರು.